ಮೊದಲು ಸೈಟ್, ಆಮೇಲೆ ರೈಫಲ್: ಲಿವರ್-ಆಕ್ಷನ್ ಬೇಟೆಕೋವಿಗಳ ವಿಮರ್ಶೆ

ಟ್ರಿಗರಿನ ಸುತ್ತಲಿನ ಸನ್ನೆಯನ್ನು (ಲಿವರ್) ಆಡಿಸಿ ತೋಟೆ ಏರಿಸುವ ಲಿವರ್-ಆಕ್ಷನ್ ರೈಫಲ್ ಕೊಳ್ಳಹೊರಟವರು ಸಾಮಾನ್ಯವಾಗಿ ಮೊದಲು ಕೋವಿಯ ಹೆಸರಿಗೆ ಮರುಳಾಗುತ್ತಾರೆ, ಆಮೇಲೆ ಅದು ಯಾವ ತೋಟೆಗೆ ಸಿಗುತ್ತದೆಂದು ವಿಚಾರಿಸುತ್ತಾರೆ, ಸೈಟಿನ, ಅಂದರೆ ಗುರಿ ಹಿಡಿಯುವ ಸಾಧನದ, ಮಾತನ್ನು ಕೈಯಲ್ಲಿ ಉಳಿದ ದುಡ್ಡಿನ ಲೆಕ್ಕಕ್ಕೆ ಬಿಡುತ್ತಾರೆ. ಈ ಕ್ರಮ ತಲೆಕೆಳಗಾದದ್ದು ಎಂಬುದು ನನ್ನ ಅಭಿಪ್ರಾಯ. ಇಂದಿನ ಬೋಲ್ಟ್-ಆಕ್ಷನ್ (ಹಿಡಿಯಿರುವ ಅಗುಳಿಯನ್ನು ಹಿಂದೆ ಮುಂದೆ ಎಳೆದು ತೋಟೆ ಏರಿಸುವ) ರೈಫಲ್ಲುಗಳು ಹೆಚ್ಚುಕಡಿಮೆ ಎಲ್ಲವೂ ಸ್ಕೋಪ್, ಅಂದರೆ ದುರ್ಬೀನಿನಂಥ ಸೈಟ್, ಕೂರಿಸುವುದಕ್ಕೆಂದೇ ತಯಾರಾಗುವುದರಿಂದ ಅಲ್ಲಿ ಯಾವುದನ್ನು ಮೊದಲು ಆರಿಸಿದರೂ ನಷ್ಟವಿಲ್ಲ. ಲಿವರ್ ಕೋವಿಗಳ ಮೂಲ ವಿನ್ಯಾಸಗಳಾದರೋ ಬೇಟೆಗಾರರಲ್ಲಿ ಸ್ಕೋಪಿನ ಬಳಕೆ ಹರಡುವುದಕ್ಕೆ ಎಷ್ಟೋ ಮೊದಲಿನವು. ಖಾಲಿ ತೋಟೆ ರಿಸೀವರಿನ (ಕೋವಿಯ ಯಂತ್ರಭಾಗಗಳಿರುವ ನಡುಗೂಡಿನ) ನೆತ್ತಿಯಿಂದ ಹಾರುತ್ತದೆಯೇ ಪಕ್ಕದಿಂದ ಹಾರುತ್ತದೆಯೇ, ಕೆನ್ನೆಯಿಡುವ ಸ್ಟಾಕಿನ ಅಂಚು ಎಷ್ಟು ತಗ್ಗಿನಲ್ಲಿದೆ, ಈಡು ಹಾರಿಸಲು ಬಡಿಯುವ ಹ್ಯಾಮರ್ ಹೊರಗೆ ಚಾಚಿಕೊಂಡಿದೆಯೇ ಎಂಬ ಮೂರು ಸಂಗತಿಗಳೇ ಆ ಕೋವಿಗೆ ಯಾವ ಸೈಟ್ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದನ್ನು ತೀರ್ಮಾನಿಸಿಬಿಡುತ್ತವೆ. ಕೊಳ್ಳುವವನ ಕಣ್ಣಿಗೆ ಯಾವ ಸೈಟ್ ಬೇಕೆಂಬುದು ಮೊದಲು ಖಚಿತವಾದರೆ ರೈಫಲ್ಲಿನ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆಯೇ.

ಕೋವಿಗೆ ಪರವಾನಗಿಯೂ ಬೇಟೆಗೆ ಕಾನೂನಿನ ಅನುಮತಿಯೂ ಇರುವ ನಾಡುಗಳಲ್ಲಿ, ದಟ್ಟ ಕಾಡಿನಲ್ಲೋ ಕುರುಚಲಿನಲ್ಲೋ, 30ರಿಂದ 150 ಮೀಟರ್ ದೂರದಲ್ಲಿ ಜಿಂಕೆ, ಕಾಡುಹಂದಿ, ಕರಡಿಯಂಥ ಪ್ರಾಣಿಗಳ ಬೇಟೆಗೆ ಒದಗುವ ಕೋವಿಯನ್ನೇ ಈ ವಿಮರ್ಶೆಯಲ್ಲಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಬಯಲಿನಲ್ಲಿ 300 ಮೀಟರ್ ದೂರದ ಈಡು ಹೊಡೆಯಬೇಕೆನ್ನುವವರು ಬೋಲ್ಟ್-ಆಕ್ಷನ್ ಕೊಳ್ಳುವುದೇ ಒಳ್ಳೆಯದು. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಮರ್ಮಭಾಗ ಸುಮಾರು 20 ಸೆಂ.ಮೀ. ಅಗಲದ್ದು ಎಂದಿಟ್ಟುಕೊಂಡರೆ, ಕೋವಿ, ಸೈಟ್ ಮತ್ತು ಹೊಡೆಯುವವನ ಕೈ ಮೂರರ ತಪ್ಪೂ ಸೇರಿ ಆ ವೃತ್ತದೊಳಗೇ ಇರಬೇಕು. ಒಳ್ಳೆಯ ಲಿವರ್ ರೈಫಲ್ 100 ಮೀಟರಿನಲ್ಲಿ ಆರರಿಂದ ಎಂಟು ಸೆಂ.ಮೀ. ಒಳಗೆ ಗುಂಡುಗಳನ್ನು ಕೂಡಿಸುತ್ತದೆ. ಈ ಕೆಲಸಕ್ಕೆ ಅಷ್ಟು ಸಾಕು. ಕೊರತೆ ಬೀಳುವುದು ಸಾಮಾನ್ಯವಾಗಿ ನಳಿಗೆಯಲ್ಲಿ ಅಲ್ಲ, ಸೈಟಿನಲ್ಲಿ.

ಕಾರ್ಖಾನೆಯಿಂದ ಬರುವ ಬಹುಪಾಲು ಲಿವರ್ ಕೋವಿಗಳ ನಳಿಗೆಯ ಮೇಲಿರುವುದು ಬಕ್‌ಹಾರ್ನ್ ಅಥವಾ ಸೆಮಿ-ಬಕ್‌ಹಾರ್ನ್ ಎಂಬ ಹಿಂದಿನ ಸೈಟ್. ಮೇಲೆದ್ದು ಒಳಕ್ಕೆ ಬಾಗಿದ ಎರಡು ಕೊಂಬು, ಅವುಗಳ ನಡುವೆ ಒಂದು ಸಣ್ಣ ಕಚ್ಚು, ಎತ್ತರವನ್ನು ಹೊಂದಿಸಲು ಅಡಿಯಲ್ಲಿ ಮೆಟ್ಟಿಲು ಕೊರೆದ ತಗಡಿನ ತುಂಡು, ಇಷ್ಟೇ ಅದರ ರಚನೆ. ನೋಡಲು ಚೆಂದ, ಅಗ್ಗ, ಸುಲಭಕ್ಕೆ ಮುರಿಯುವುದಿಲ್ಲ. ಆದರೆ ಬೇಟೆಯ ಸೈಟಾಗಿ ಇದರ ಬಗ್ಗೆ ನನಗೆ ಗೌರವ ಕಡಿಮೆ. ಕೊಂಬುಗಳು ಪ್ರಾಣಿಯ ಮೈಯ ಅರ್ಧವನ್ನು ಮರೆಮಾಡುತ್ತವೆ. ಕಣ್ಣು ಒಂದು ಹೊತ್ತಿಗೆ ಒಂದೇ ದೂರವನ್ನು ಸ್ಪಷ್ಟವಾಗಿ ಕಾಣಬಲ್ಲದಾದ್ದರಿಂದ ಹಿಂದಿನ ಕಚ್ಚು, ಮುಂದಿನ ಮಣಿ, ದೂರದ ಗುರಿ ಈ ಮೂರರಲ್ಲಿ ಎರಡು ಯಾವಾಗಲೂ ಮಸುಕಾಗಿಯೇ ಇರುತ್ತವೆ; ನಲವತ್ತು ದಾಟಿದವರ ಕಣ್ಣಿಗೆ ಹತ್ತಿರದ ಕಚ್ಚಂತೂ ಬರೀ ನೆರಳಾಗಿಬಿಡುತ್ತದೆ. ಮುಸ್ಸಂಜೆಯಲ್ಲಿ ಆತುರಕ್ಕೆ ಸಿಕ್ಕಿ ಮಣಿಯನ್ನು ಕಚ್ಚಿನ ತಳಕ್ಕೆ ಇಳಿಸದೆ ಕೊಂಬುಗಳ ನಡುವೆಯೇ ತೇಲಿಸಿ ಹೊಡೆದರೆ ಗುಂಡು ಪ್ರಾಣಿಯ ಬೆನ್ನಿನ ಮೇಲಿಂದ ಹೋಗುತ್ತದೆ.

ಇದಕ್ಕೆ ಪರಿಹಾರ ಪೀಪ್ ಸೈಟ್, ಅಂದರೆ ರಿಸೀವರಿನ ಹಿಂಭಾಗದಲ್ಲಿ, ಕಣ್ಣಿಗೆ ಹತ್ತಿರವಾಗಿ ಕೂರುವ ಸಣ್ಣ ರಂಧ್ರದ ಸೈಟ್. ರಂಧ್ರವನ್ನು ನೋಡಬಾರದು, ರಂಧ್ರದ ಮೂಲಕ ನೋಡಬೇಕು. ಅದರ ನಡುವನ್ನು ಹುಡುಕುವ ಕೆಲಸವನ್ನು ಕಣ್ಣು ತಾನೇ ಮಾಡಿಕೊಳ್ಳುವುದರಿಂದ ಹೊಡೆಯುವವನು ಹೊಂದಿಸಬೇಕಾದ್ದು ಮುಂದಿನ ಸೈಟ್ ಮತ್ತು ಗುರಿ, ಇವೆರಡನ್ನೇ. ಸಣ್ಣ ರಂಧ್ರದಿಂದ ಬರುವ ಬೆಳಕು ಹತ್ತಿರದ್ದನ್ನೂ ದೂರದ್ದನ್ನೂ ಒಟ್ಟಿಗೆ ತಕ್ಕಮಟ್ಟಿಗೆ ಸ್ಪಷ್ಟಗೊಳಿಸುವುದು ವಯಸ್ಸಾದ ಕಣ್ಣಿಗೆ ದೊಡ್ಡ ಉಪಕಾರ. ಇನ್ನೊಂದು ಲಾಭ ಶುದ್ಧ ಲೆಕ್ಕದ್ದು. ನಳಿಗೆಯ ಮೇಲಿನ ಬಕ್‌ಹಾರ್ನಿನಿಂದ ಮುಂದಿನ ಸೈಟಿಗೆ ಸುಮಾರು 40 ಸೆಂ.ಮೀ. ಅಂತರವಿದ್ದರೆ, ಅದೇ ಕೋವಿಯಲ್ಲಿ ರಿಸೀವರಿನ ಹಿಂಭಾಗದ ಪೀಪಿನಿಂದ ಅದು ಸುಮಾರು 60 ಸೆಂ.ಮೀ. ಆಗುತ್ತದೆ. ಎರಡು ಸೈಟುಗಳ ಹೊಂದಾಣಿಕೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ 40 ಸೆಂ.ಮೀ. ಅಂತರದಲ್ಲಿ 100 ಮೀಟರಿನಾಚೆ ಗುಂಡು 12.5 ಸೆಂ.ಮೀ. ತಪ್ಪುತ್ತದೆ, 60 ಸೆಂ.ಮೀ. ಅಂತರದಲ್ಲಿ ಅದೇ ತಪ್ಪಿಗೆ 8.3 ಸೆಂ.ಮೀ. ಮಾತ್ರ. ಮೊದಲನೆಯದು 20 ಸೆಂ.ಮೀ. ಮರ್ಮಭಾಗದ ಅಂಚನ್ನು ದಾಟಿಸುತ್ತದೆ, ಎರಡನೆಯದು ಒಳಗೆ ಉಳಿಸುತ್ತದೆ. ಕೋವಿಯನ್ನೇ ಬದಲಿಸಿ ಇಷ್ಟು ಲಾಭ ಪಡೆಯುವುದು ಸುಲಭವಲ್ಲ.

ವಿಲಿಯಮ್ಸ್, ಸ್ಕಿನ್ನರ್, ಲೈಮನ್ ಮತ್ತು ಎಕ್ಸ್‌ಎಸ್ ಈ ಬಗೆಯ ಸೈಟುಗಳಲ್ಲಿ ಹೆಸರಾದವು. ವಿಲಿಯಮ್ಸ್ ಕಂಪನಿಯ ಎಫ್‌ಪಿ ಮಾದರಿ ರಿಸೀವರಿನ ಪಕ್ಕೆಗೆ ತಿರುಪಿನಿಂದ ಕಚ್ಚಿಕೊಳ್ಳುತ್ತದೆ ಮತ್ತು ಎತ್ತರವನ್ನೂ ಅಡ್ಡಸರಿತವನ್ನೂ ನಯವಾಗಿ ಹೊಂದಿಸಲು ಬಿಡುತ್ತದೆ. ಸ್ಕಿನ್ನರಿನದು ರಿಸೀವರಿನ ನೆತ್ತಿಯ ಮೇಲೆ ತಗ್ಗಾಗಿ ಕೂರುವ ಗಟ್ಟಿ ಸೈಟ್; ಕೋವಿಯ ಸೊಬಗು ಕೆಡುವುದಿಲ್ಲ, ಆದರೆ ಹೊಂದಿಸುವ ಕೆಲಸ ನಿಧಾನ. ಕಾರ್ಖಾನೆ ಯಾವುದೇ ಇರಲಿ, ಕಾಡಿನ ಬೆಳಕಿಗೆ ಗುರಿಸ್ಪರ್ಧೆಯ ಸೂಜಿಗಣ್ಣಿನಂಥ ತೂತು ಸಲ್ಲದು. ಒಳಗಿನ ಬಿಲ್ಲೆಯನ್ನು ಬಿಚ್ಚಿ ತೆಗೆದು, ಉಳಿಯುವ ದೊಡ್ಡ ರಂಧ್ರವನ್ನೇ ಗೋಸ್ಟ್ ರಿಂಗ್ ಆಗಿ ಬಳಸುವುದು ಬೇಟೆಗೆ ಸರಿಯಾದ ಕ್ರಮ. ಹ್ಯಾಮರಿನ ಹಿಂದೆ, ಸ್ಟಾಕಿನ ಕುತ್ತಿಗೆಯ ಮೇಲೆ ನಿಲ್ಲುವ ಟ್ಯಾಂಗ್ ಸೈಟ್ ಹಳೆಯ ಕೋವಿಗಳ ಮೇಲೆ ರಾಜಗಾಂಭೀರ್ಯದಿಂದ ಕಾಣಿಸುತ್ತದೆ ನಿಜ. ಆದರೆ ಅದು ಹೆಬ್ಬೆರಳಿಗೆ ಅಡ್ಡಬರುತ್ತದೆ, ಜೋರಾಗಿ ಒದೆಯುವ ತೋಟೆಯಾದರೆ ಕಣ್ಣಿಗೂ ಅಪಾಯ.

ಮುಂದಿನ ಸೈಟಿನ ಬಗ್ಗೆ ಒಂದು ಮಾತು. ದುಂಡನೆಯ ಹಿತ್ತಾಳೆ ಮಣಿಯ ಒಂದು ಮಗ್ಗುಲಿಗೆ ಬಿಸಿಲು ಬಿದ್ದಾಗ ಕಣ್ಣು ಹೊಳೆಯುವ ಭಾಗವನ್ನೇ ನಡುವೆಂದು ಭ್ರಮಿಸುತ್ತದೆ, ಗುಂಡು ಬೆಳಕಿನ ಎದುರು ದಿಕ್ಕಿಗೆ ಸರಿಯುತ್ತದೆ. ಮುಖ ಚಪ್ಪಟೆಯಾಗಿರುವ ಕಂಬದಂಥ ಸೈಟಿಗೆ, ಅದರ ಮೇಲೆ ಒಂದು ಬಿಳಿ ಗೆರೆಯಿದ್ದರೆ ಇನ್ನೂ ಚೆನ್ನ, ಈ ದೋಷ ಬಹಳ ಕಡಿಮೆ. ಫೈಬರ್-ಆಪ್ಟಿಕ್ ಎಳೆ ಮಬ್ಬಿನಲ್ಲಿ ಚೆನ್ನಾಗಿ ಮಿನುಗುತ್ತದೆ, ಆದರೆ ಕೊಂಬೆಗೆ ತಾಗಿದರೆ ಮುರಿಯುತ್ತದೆ.

ಸ್ಕೋಪ್ ಬೇಕೇ ಎಂಬ ಪ್ರಶ್ನೆಗೆ ಬೇಟೆಯ ಹೊತ್ತು ಉತ್ತರಿಸಬೇಕು. ಬೆಳಗಿನ ಮೊದಲ ಮತ್ತು ಸಂಜೆಯ ಕೊನೆಯ ಅರ್ಧ ಗಂಟೆಯಲ್ಲೇ ಹೆಚ್ಚಿನ ಅವಕಾಶ ಸಿಗುವ ಜಾಗದಲ್ಲಿ ಯಾವ ಪೀಪ್ ಸೈಟೂ ಒಳ್ಳೆಯ ಗಾಜಿಗೆ ಸಮನಲ್ಲ, ಕೊಂಬಿನ ಗಾತ್ರವನ್ನೋ ಹೆಣ್ಣು-ಗಂಡನ್ನೋ ಗುರುತಿಸಿಯೇ ಹೊಡೆಯಬೇಕೆಂಬ ನಿಯಮವಿರುವಲ್ಲಿಯೂ ಹಾಗೆಯೇ. ಆದರೆ 3-9 ಪಟ್ಟು ವರ್ಧನೆಯ, 40 ಮಿ.ಮೀ. ಗಾಜಿನ ಸಾಮಾನ್ಯ ಸ್ಕೋಪನ್ನು ಲಿವರ್ ಕೋವಿಯ ಮೇಲೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಈ ಕೋವಿಗಳ ಸ್ಟಾಕ್ ತಗ್ಗಿನ ಕಬ್ಬಿಣದ ಸೈಟಿಗಾಗಿ ಇಳಿಜಾರಾಗಿರುವುದರಿಂದ, ಅಷ್ಟೆತ್ತರದ ಸ್ಕೋಪಿನಲ್ಲಿ ಕಣ್ಣಿಡಲು ಕೆನ್ನೆಯನ್ನು ಸ್ಟಾಕಿನಿಂದ ಎತ್ತಬೇಕಾಗುತ್ತದೆ. ಗದ್ದ ಊರಿ ಹೊಡೆದವನ ಈಡು ಪ್ರತಿಸಲವೂ ಒಂದೇ ಕಡೆ ಬೀಳುವುದಿಲ್ಲ. 1-4 ಅಥವಾ 1.5-5 ಪಟ್ಟಿನ, ಮುಂಭಾಗ ಊದಿಕೊಳ್ಳದ ನೇರ ಕೊಳವೆಯ ಸಣ್ಣ ಸ್ಕೋಪ್ ತಗ್ಗಿನ ಉಂಗುರಗಳಲ್ಲಿ ಕೂರುತ್ತದೆ. ಬೆಳಕಿನಲ್ಲೂ ಅದು ಹಿಂದೆ ಬೀಳುವುದಿಲ್ಲ: ಮುಂದಿನ ಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ತಲಪುವ ಬೆಳಕಿನ ಕಿರಣಪುಂಜದ ದಪ್ಪ ಸಿಗುತ್ತದೆ, 24 ಮಿ.ಮೀ. ಗಾಜಿಗೆ 4 ಪಟ್ಟಿನಲ್ಲಿ ಅದು 6 ಮಿ.ಮೀ., 40 ಮಿ.ಮೀ. ಗಾಜಿಗೆ 9 ಪಟ್ಟಿನಲ್ಲಿ 4.4 ಮಿ.ಮೀ. ಮಾತ್ರ. ಕಣ್ಣಿನಿಂದ ಸ್ಕೋಪಿಗೆ ಇರಬೇಕಾದ ಅಂತರವನ್ನು ಕೊಳ್ಳುವ ಮೊದಲು ಓದಿ ನೋಡಬೇಕು; .45-70ಯಂಥ ದೊಡ್ಡ ತೋಟೆಯ, ಒದೆಯುವ ಕೋವಿಗೆ 10 ಸೆಂ.ಮೀ. ಇಲ್ಲದ ಸ್ಕೋಪ್ ಹುಬ್ಬಿಗೆ ಗಾಯ ಮಾಡುತ್ತದೆ. ಹೊರಗಿನ ಹ್ಯಾಮರಿಗೆ ಪಕ್ಕಕ್ಕೆ ಚಾಚುವ ಸಣ್ಣ ಕೀಲನ್ನು ಸೇರಿಸದಿದ್ದರೆ ಸ್ಕೋಪಿನ ಕೆಳಗೆ ಹೆಬ್ಬೆರಳು ಹೋಗುವುದಿಲ್ಲ. ಇದೆಲ್ಲದರ ಮೇಲೆ, ಲಿವರ್ ಕೋವಿಯ ದೊಡ್ಡ ಸುಖವೆಂದರೆ ರಿಸೀವರಿನ ಸುತ್ತ ಬೆರಳು ಹಾಕಿ ಒಂದೇ ಕೈಯಲ್ಲಿ ತೂಗಿಕೊಂಡು ನಡೆಯುವುದು. ಸ್ಕೋಪ್ ಸರಿಯಾಗಿ ಅದೇ ಜಾಗದಲ್ಲಿ ಬಂದು ಕೂರುತ್ತದೆ.

ನಳಿಗೆಯ ಮೇಲೆ ಮುಂದಕ್ಕೆ ಕೂರಿಸುವ, ದೂರದಿಂದ ನೋಡುವ ಸ್ಕೌಟ್ ಸ್ಕೋಪ್ ಆ ಜಾಗವನ್ನು ಬಿಟ್ಟುಕೊಡುತ್ತದೆ ನಿಜ, ಆದರೆ ಬೆನ್ನ ಹಿಂದೆ ಸೂರ್ಯನಿದ್ದಾಗ ಹಿಂದಿನ ಗಾಜಿನಲ್ಲಿ ಬೆಳಕು ಹೊಳೆದು ಏನೂ ಕಾಣದಂತಾಗುತ್ತದೆ. ಗಾಜಿನಲ್ಲಿ ಕೆಂಪು ಬೆಳಕಿನ ಚುಕ್ಕೆ ತೋರುವ ರೆಡ್ ಡಾಟ್ ಇದಕ್ಕಿಂತ ಮೇಲು. ಎರಡು ಕಣ್ಣನ್ನೂ ತೆರೆದು ಹೊಡೆಯಬಹುದು, ಓಡುವ ಹಂದಿಯ ಮೇಲೆ ಇದರಷ್ಟು ಬೇಗ ಕೂರುವ ಸೈಟ್ ಬೇರೆ ಇಲ್ಲ. 2 ಎಂಒಎ (ಚುಕ್ಕೆಯ ಗಾತ್ರ ಹೇಳುವ ಕೋನದ ಅಳತೆ) ಚುಕ್ಕೆ 100 ಮೀಟರಿನಲ್ಲಿ ಸುಮಾರು 6 ಸೆಂ.ಮೀ. ಮುಚ್ಚುತ್ತದೆ, 6 ಎಂಒಎ ಚುಕ್ಕೆ 17 ಸೆಂ.ಮೀ. ಮುಚ್ಚಿ ಮರ್ಮಭಾಗವನ್ನೇ ನುಂಗುತ್ತದೆ. ಆದ್ದರಿಂದ ಸಣ್ಣ ಚುಕ್ಕೆಯನ್ನೇ ಆರಿಸಬೇಕು. ಮಳೆಯಲ್ಲಿ ತಿರುಗುವವರಿಗೆ ಮುಂದೆಯೂ ಹಿಂದೆಯೂ ಗಾಜು ಮುಚ್ಚಿದ ಮಾದರಿ ಬೇಕು, ತೆರೆದ ಮಾದರಿಯಲ್ಲಿ ಒಂದು ನೀರ ಹನಿ ಬೆಳಕಿನ ದಾರಿಗೆ ಬಿದ್ದರೂ ಚುಕ್ಕೆ ಚೆದರಿಹೋಗುತ್ತದೆ. ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷವಿರುವ ಕಣ್ಣಿಗೆ ಚುಕ್ಕೆ ಚುಕ್ಕೆಯಾಗಿ ಕಾಣದೆ ಬಾಲ ಬಿಟ್ಟ ನಕ್ಷತ್ರವಾಗಿ ಕಾಣುವುದುಂಟು. ಕೊಳ್ಳುವ ಮೊದಲು ಅಂಗಡಿಯಲ್ಲೇ ಕಣ್ಣಿಟ್ಟು ನೋಡದೆ ಹಣ ಕೊಡಬಾರದು.

ಇನ್ನು ರೈಫಲ್ಲುಗಳು. ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ವಿಂಚೆಸ್ಟರ್ 1894 ಈ ವಂಶದ ಹಿರಿಯ, ಮರುವರ್ಷ ಬಂದ .30-30 ತೋಟೆಯೊಡನೆ ಅದರ ಹೆಸರು ಬೆಸೆದುಕೊಂಡಿತು. 70 ಲಕ್ಷಕ್ಕೂ ಹೆಚ್ಚು ತಯಾರಾಗಿರುವುದರಿಂದ ಹಳೆಯ ಮಾಲು ಇಂದಿಗೂ ಧಾರಾಳವಾಗಿ ಸಿಗುತ್ತದೆ. ಸುಮಾರು 3 ಕಿಲೋ ತೂಕ, ಚಪ್ಪಟೆ ರಿಸೀವರ್, ಭುಜಕ್ಕೇರಿಸಿದೊಡನೆ ಗುರಿಗೆ ನಿಲ್ಲುವ ಗುಣ. ಕಾಡಿನಲ್ಲಿ ದಿನವಿಡೀ ಹೊರಲು ಇದಕ್ಕಿಂತ ಹಿತವಾದ ಕೋವಿಯನ್ನು ಕಾಣೆ. ಆದರೆ ಹಳೆಯ 94 ಖಾಲಿ ತೋಟೆಯನ್ನು ನೆತ್ತಿಯಿಂದ ನೇರ ಮೇಲಕ್ಕೆ ಹಾರಿಸುತ್ತದೆ, ಅಲ್ಲಿ ಸ್ಕೋಪ್ ಇಡಲು ಜಾಗವೇ ಇಲ್ಲ, ಪಕ್ಕಕ್ಕೆ ಓರೆಯಾಗಿ ಇಟ್ಟರೆ ಕೆನ್ನೆ ಎಲ್ಲಿಯೂ ನಿಲ್ಲುವುದಿಲ್ಲ. 1980ರ ದಶಕದ ಆರಂಭದಲ್ಲಿ ಖಾಲಿ ತೋಟೆ ಓರೆಯಾಗಿ ಹಾರುವ ಮಾದರಿ ತಂದು ಕಂಪನಿ ಈ ಕೊರತೆಯನ್ನು ನೀಗಿತು. 2006ರಲ್ಲಿ ಅಮೆರಿಕದ ನ್ಯೂ ಹೇವನ್ ಊರಿನಲ್ಲಿದ್ದ ವಿಂಚೆಸ್ಟರ್ ಕಾರ್ಖಾನೆ ಮುಚ್ಚಿತು, ಈಗಿನವು ಜಪಾನಿನ ಮಿರೋಕು ಕಾರ್ಖಾನೆಯಲ್ಲಿ ತಯಾರಾಗುತ್ತಿವೆ. ಅವುಗಳ ನಯಗಾರಿಕೆ ಹಳೆಯ ಹಲವು ಕೋವಿಗಳಿಗಿಂತ ಒಳ್ಳೆಯದೇ. ಪೀಪ್ ಸೈಟೇ ಸಾಕೆಂದು ಮೊದಲೇ ತೀರ್ಮಾನಿಸಿದವರು ಹಳೆಯದು ಹೊಸದೆನ್ನದೆ 94ನ್ನು ಧೈರ್ಯವಾಗಿ ಕೊಳ್ಳಬಹುದು. 1964ಕ್ಕಿಂತ ಹಿಂದಿನ ಕೋವಿಯಾದರೆ, ಅದರ ಮೂಲ ಸ್ಥಿತಿಗೇ ಬೆಲೆಯಿರುವುದರಿಂದ ರಿಸೀವರಿಗೆ ಹೊಸ ರಂಧ್ರ ಕೊರೆಸುವುದು ಬೇಡ.

1948ರಲ್ಲಿ ಬಂದ ಮಾರ್ಲಿನ್ 336ಕ್ಕೆ ಈ ತೊಡಕೇ ಇಲ್ಲ. ರಿಸೀವರಿನ ನೆತ್ತಿ ಗಟ್ಟಿಯಾಗಿ ಮುಚ್ಚಿದೆ, ಖಾಲಿ ತೋಟೆ ಬಲಪಕ್ಕೆಯಿಂದ ಹೊರಬೀಳುತ್ತದೆ, 1950ರ ದಶಕದ ಕೊನೆಯಿಂದೀಚಿನ ಕೋವಿಗಳಲ್ಲಿ ತಿರುಪಿನ ರಂಧ್ರಗಳು ಕಾರ್ಖಾನೆಯಿಂದಲೇ ಬಂದಿರುತ್ತವೆ. ಇಂದು ಪೀಪ್ ಹಾಕಿ, ಮುಂದೆ ಕಣ್ಣು ಸೋತಾಗ ಅದನ್ನೇ ಬಿಚ್ಚಿ ಸ್ಕೋಪ್ ಕೂರಿಸಬಹುದು, ಕೋವಿ ಬದಲಿಸಬೇಕಿಲ್ಲ. ಲಿವರಿನ ಒಂದೇ ತಿರುಪನ್ನು ಬಿಚ್ಚಿದರೆ ಲಿವರ್, ಬೋಲ್ಟ್ ಹೊರಬರುತ್ತವೆ, ನಳಿಗೆಯನ್ನು ಹಿಂದಿನಿಂದಲೇ ಒರೆಸಬಹುದು. ವಿಂಚೆಸ್ಟರಿನಲ್ಲಿ ಕಡ್ಡಿಯನ್ನು ಬಾಯಿಯ ಕಡೆಯಿಂದ ತೂರಿಸಿ ಒರೆಸುವುದೇ ವಾಡಿಕೆಯಾದ್ದರಿಂದ ಹಳೆಯ ಕೋವಿಗಳ ನಳಿಗೆಯ ಬಾಯಿ ಸವೆದು ಗುರಿ ಕೆಟ್ಟಿರುವುದುಂಟು. ಮಾರ್ಲಿನಿನ ದೌರ್ಬಲ್ಯವೆಂದರೆ ತೋಟೆಯನ್ನು ಮೇಲೆತ್ತುವ ಕ್ಯಾರಿಯರ್: ಲಿವರಿಗೆ ಉಜ್ಜಿ ಉಜ್ಜಿ ಅದು ಸವೆದಾಗ ಎರಡನೆಯ ತೋಟೆ ಅದರ ಅಡಿಗೆ ನುಸುಳಿ ಲಿವರ್ ಅರ್ಧದಲ್ಲೇ ಸಿಕ್ಕಿಬೀಳುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಪರೀಕ್ಷೆಗೆಂದೇ ಇರುವ ಹುಸಿ ತೋಟೆಗಳನ್ನು ತುಂಬಿ, ನಿಧಾನಕ್ಕೊಮ್ಮೆ ರಭಸದಿಂದೊಮ್ಮೆ ಲಿವರ್ ಆಡಿಸಿ ನೋಡಬೇಕು. 2007ರಲ್ಲಿ ಮಾರ್ಲಿನ್ ರೆಮಿಂಗ್ಟನ್ ಕೈಗೆ ಹೋಯಿತು, ರೆಮಿಂಗ್ಟನ್ ದಿವಾಳಿಯಾದ ಮೇಲೆ 2020ರಲ್ಲಿ ರೂಗರ್ ಅದನ್ನು ಕೊಂಡಿತು, 2021ರ ಕೊನೆಯಿಂದ ಹೊಸ ಕೋವಿಗಳು ಬರತೊಡಗಿದವು. ನಡುವಿನ ವರ್ಷಗಳ ಕೋವಿಗಳ ಗುಣಮಟ್ಟ ಒಂದೇ ಸಮ ಇಲ್ಲದ್ದರಿಂದ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು, ಮುಖ್ಯವಾಗಿ ಮುಂದಿನ ಸೈಟ್ ನೆಟ್ಟಗೆ ನಿಂತಿದೆಯೇ ಎಂಬುದನ್ನು. ರೂಗರ್ ತಯಾರಿಸುತ್ತಿರುವ .45-70ಯ 1895 ಎಸ್‌ಬಿಎಲ್ ಮಾದರಿಗೆ ಸ್ಕೋಪ್ ಕೂರಿಸುವ ಪಿಕಟಿನಿ ರೈಲ್ ಎಂಬ ಹಳಿ ಮತ್ತು ಗೋಸ್ಟ್ ರಿಂಗ್ ಕಾರ್ಖಾನೆಯಿಂದಲೇ ಬರುತ್ತವೆ. ಸೈಟಿಗಾಗಿ ಬೇರೆ ಖರ್ಚಿಲ್ಲ.

ಹೆನ್ರಿ ಎಂಬ ಇಂದಿನ ಕಂಪನಿಗೂ 1860ರ ಪ್ರಸಿದ್ಧ ಹೆನ್ರಿ ರೈಫಲ್ಲಿಗೂ ಹೆಸರನ್ನು ಬಿಟ್ಟು ನೇರ ನಂಟಿಲ್ಲ, ಆದರೂ ಕೋವಿ ಒಳ್ಳೆಯದು, ಲಿವರಿನ ಚಲನೆ ಬೆಣ್ಣೆಯಷ್ಟು ನಯ. ಪಕ್ಕಕ್ಕೇ ಖಾಲಿ ತೋಟೆ ಹಾರಿಸುವುದರಿಂದ ಸ್ಕೋಪಿಗೂ ಅಡ್ಡಿಯಿಲ್ಲ. ಮೊದಲ ಮಾದರಿಗಳಿಗೆ ತೋಟೆ ತುಂಬಲು ನಳಿಗೆಯ ಕೆಳಗಿನ ಕೊಳವೆಯಿಂದ ಹಿತ್ತಾಳೆಯ ಒಳಗೊಳವೆಯನ್ನು ಎಳೆಯಬೇಕು, ಕೈ ನಳಿಗೆಯ ಬಾಯಿಯ ಹತ್ತಿರ ಸುಳಿಯುತ್ತದೆ, ಬೇಟೆಯ ನಡುವೆ ಒಂದೆರಡು ತೋಟೆ ಸೇರಿಸುವುದು ತೊಡಕಿನ ಕೆಲಸ. ಪಕ್ಕದ ಬಾಗಿಲಿರುವ ಸೈಡ್ ಗೇಟ್ ಮಾದರಿಯಲ್ಲಿ ಎರಡೂ ದಾರಿಯುಂಟು, ಖಾಲಿ ಮಾಡುವಾಗ ತೋಟೆಗಳನ್ನು ಒಂದೊಂದಾಗಿ ನಳಿಗೆಯ ಹಿಂಬದಿಯ, ತೋಟೆ ಕೂರುವ ಕೋಣೆಗೆ ಹಾಯಿಸದೆ ಕೊಳವೆಯಿಂದಲೇ ಸುರಿಯಬಹುದು. ಕೊಳ್ಳುವುದಾದರೆ ಅದನ್ನೇ.

ಸ್ಕೋಪ್ ಖಂಡಿತ ಬೇಕು, 200 ಮೀಟರ್ ದಾಟಬೇಕು, ಆದರೂ ಲಿವರೇ ಬೇಕು ಎನ್ನುವವರಿಗೆ ಬ್ರೌನಿಂಗ್ ಬಿಎಲ್ಆರ್ ಅಥವಾ ಹೆನ್ರಿ ಲಾಂಗ್ ರೇಂಜರ್ ಇವೆ. ಇವುಗಳಲ್ಲಿ ಬೋಲ್ಟ್ ತಿರುಗಿ ಬೀಗ ಹಾಕಿಕೊಳ್ಳುತ್ತದೆ, ತೋಟೆಗಳು ಕಳಚಬಲ್ಲ ಪೆಟ್ಟಿಗೆಯಲ್ಲಿರುತ್ತವೆ, ಆದ್ದರಿಂದ .308ನಂಥ ಚೂಪು ಗುಂಡಿನ ತೋಟೆಗಳನ್ನು ನಿರಾತಂಕವಾಗಿ ಬಳಸಬಹುದು. ಹಳೆಯ ಸ್ಯಾವೇಜ್ 99 ಸಿಕ್ಕರೆ ಅದೂ ಇದೇ ಸಾಲಿನದು. ಹೊರಗೆ ಹ್ಯಾಮರ್ ಇಲ್ಲ, ಒಳಗೆ ತಿರುಗುವ ಮ್ಯಾಗಜಿನ್.

ಚೂಪು ಗುಂಡಿನ ಮಾತು ಏಕೆಂದರೆ, ಕೊಳವೆ ಮ್ಯಾಗಜಿನ್‌ನಲ್ಲಿ ಒಂದು ತೋಟೆಯ ಮೂತಿ ಮುಂದಿನ ತೋಟೆಯ ಹಿಂಬದಿಯ ಪ್ರೈಮರಿಗೆ (ಪೆಟ್ಟು ಬಿದ್ದರೆ ಕಿಡಿ ಹೊತ್ತಿಸುವ ಬಿಲ್ಲೆಗೆ) ತಾಗಿಕೊಂಡೇ ಇರುತ್ತದೆ, ಕೋವಿ ಒದೆದಾಗ ಗಟ್ಟಿ ಚೂಪು ಮೂತಿ ಅದನ್ನು ಸಿಡಿಸಬಲ್ಲದು. ಅದಕ್ಕೇ 94, 336ಗಳಿಗೆ ಚಪ್ಪಟೆ ಅಥವಾ ಮೊಂಡು ಮೂತಿಯ ಗುಂಡು. ಹಾರ್ನಡಿ ಕಂಪನಿಯ ಲೆವರ್‌ಎವಲ್ಯೂಷನ್ ತೋಟೆಯ ಚೂಪು ಮೂತಿ ಮಾತ್ರ ಮೆತ್ತಗಿನ ಪಾಲಿಮರಿನದಾದ್ದರಿಂದ ಅದಕ್ಕೆ ವಿನಾಯಿತಿ. ಜಿಂಕೆಗೆ .30-30 ಸಾಕು, 150 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸುಮಾರು 2,390 ಅಡಿ, 170 ಗ್ರೇನ್ ಗುಂಡು ಸುಮಾರು 2,200 ಅಡಿ ಸೆಕೆಂಡಿಗೆ ಹೋಗುತ್ತದೆ. 1873ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬಂದ .45-70 ದೊಡ್ಡ ಕರಡಿಗೂ ಸಲ್ಲುತ್ತದೆ, ಒದೆತ ಬಿರುಸು. ಇಂದಿನ ಕೋವಿಗೆಂದು ತುಂಬಿದ ಜೋರಿನ ತೋಟೆಯನ್ನು ಟ್ರ್ಯಾಪ್‌ಡೋರ್ ಎಂಬ ಆ ಕಾಲದ ಹಳೆಯ ಸೈನ್ಯದ ಕೋವಿಗೆ ಹಾಕಲೇಬಾರದು.

ಸುರಕ್ಷತೆಯ ಗುಂಡಿ ಹಲವು ಹೊಸ ಕೋವಿಗಳಲ್ಲಿ ಇರುತ್ತದೆ. ಮಾರ್ಲಿನ್‌ನ ಅಡ್ಡಗುಂಡಿಯನ್ನು ಮರೆತು ಟ್ರಿಗರ್ ಎಳೆದರೆ ಹ್ಯಾಮರ್ ಟಕ್ಕೆಂದು ಬೀಳುತ್ತದೆ, ಈಡು ಹಾರುವುದಿಲ್ಲ, ಜಿಂಕೆ ಮಾತ್ರ ಹಾರಿಹೋಗುತ್ತದೆ. ಆದರೂ ತೇವದ, ಚಳಿಗೆ ಮರಗಟ್ಟಿದ ಹೆಬ್ಬೆರಳಿನಿಂದ ತುಂಬಿದ ಕೋಣೆಯ ಮೇಲೆ ಹ್ಯಾಮರನ್ನು ಅರ್ಧಕ್ಕೆ ಇಳಿಸುವ ಹಳೆಯ ಪದ್ಧತಿಗಿಂತ ಆ ಗುಂಡಿಯೇ ವಾಸಿ. ಎರಡೂ ಹೊತ್ತು ನಳಿಗೆಯ ಬಾಯಿ ಸುರಕ್ಷಿತ ದಿಕ್ಕಿನಲ್ಲೇ ಇರಬೇಕು.

ಪೀಪ್ ಹಾಕಿಸಿದ ಮೇಲೆ ಸಾಮಾನ್ಯವಾಗಿ ಎದುರಾಗುವ ಕಿರಿಕಿರಿಯೆಂದರೆ ಸೈಟನ್ನು ಪೂರ್ತಿ ತಗ್ಗಿಸಿದರೂ ಗುಂಡು ಮೇಲೆ ಬೀಳುವುದು, ಏಕೆಂದರೆ ಹೊಸ ಸೈಟ್ ಹಳೆಯದಕ್ಕಿಂತ ಎತ್ತರದಲ್ಲಿರುತ್ತದೆ. ಇದಕ್ಕೆ ಎತ್ತರದ ಮುಂದಿನ ಸೈಟ್ ಬೇಕು, ಎಷ್ಟೆಂಬುದನ್ನು ಊಹಿಸಬೇಕಿಲ್ಲ: ಎರಡು ಸೈಟುಗಳ ನಡುವಿನ ಅಂತರವನ್ನು ಗುಂಡು ತಪ್ಪಿದ ಅಳತೆಯಿಂದ ಗುಣಿಸಿ ಗುರಿಯ ದೂರದಿಂದ ಭಾಗಿಸಿದರಾಯಿತು. ಅಂತರ 600 ಮಿ.ಮೀ., 100 ಮೀಟರಿನಲ್ಲಿ ಗುಂಡು 150 ಮಿ.ಮೀ. ಮೇಲೆ ಬಿದ್ದಿದ್ದರೆ ಮುಂದಿನ ಸೈಟ್ 0.9 ಮಿ.ಮೀ. ಎತ್ತರವಾಗಬೇಕು. ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿನದನ್ನು ತರಿಸಿ ಅರದಿಂದ ಉಜ್ಜಿ ಇಳಿಸಿಕೊಳ್ಳುವುದು ಜಾಣತನ. .30-30ಯನ್ನು 100 ಮೀಟರಿಗೆ ಸರಿಯಾಗಿ ಹೊಂದಿಸಿದರೆ 200ರಲ್ಲಿ ಗುಂಡು ಒಂದು ಗೇಣಿನಷ್ಟು ಇಳಿದಿರುತ್ತದೆ. 100ರಲ್ಲಿ ಐದಾರು ಸೆಂ.ಮೀ. ಮೇಲೆ ಬೀಳುವಂತೆ ಹೊಂದಿಸಿಕೊಂಡರೆ 150 ಮೀಟರಿನವರೆಗೆ ಎತ್ತಿ ಹಿಡಿಯುವ ಲೆಕ್ಕಾಚಾರವೇ ಬೇಡ. ಹೊಂದಿಸುವಾಗ ಮೂರು ಈಡಿಗೊಮ್ಮೆ ನಳಿಗೆಯನ್ನು ಆರಲು ಬಿಡಬೇಕು, ಪಟ್ಟಿಗಳಿಂದ ಮ್ಯಾಗಜಿನ್ ಕೊಳವೆಗೆ ಬಿಗಿದ ತೆಳು ನಳಿಗೆ ಕಾದಾಗ ಗುಂಡು ಬೀಳುವ ಜಾಗ ಬದಲಾಗುತ್ತದೆ, ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣಗಿನ ನಳಿಗೆಯ ಮೊದಲ ಈಡು. ಗುಂಡಿನ ಬಗೆ ಬದಲಾದಾಗಲೂ ಈ ಕೆಲಸವನ್ನು ಹೊಸದಾಗಿ ಮಾಡಬೇಕು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಎಲ್ಲ ಬೇಟೆಗೂ ಸೀಸವಿಲ್ಲದ ಗುಂಡು ಕಡ್ಡಾಯವಾಗಿದೆ, ಸೀಸದ ಗುಂಡಿಗೆ ಹೊಂದಿಸಿದ ಕೋವಿ ತಾಮ್ರದ ಗುಂಡನ್ನು ಅದೇ ಜಾಗದಲ್ಲಿ ಬೀಳಿಸುತ್ತದೆಂಬ ಭರವಸೆಯಿಲ್ಲ. ಇಂಥ ನಿಯಮವಿರುವಲ್ಲಿ ಬೇಟೆಯಾಡುವವರು ಮೆಟ್ಟಿಲು ತಗಡಿನ ಸೈಟಿಗಿಂತ, ನಯವಾಗಿ ಹೊಂದಿಸಬಹುದಾದ, ಗುರುತುಗೆರೆಗಳಿರುವ ಪೀಪಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟು, ಎರಡೂ ಬಗೆಯ ಗುಂಡಿನ ಗುರುತನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.